ಏಣಿಯ ಬುಡದಿಂದ ಬಂದರಿನ ಗೇಟಿನವರೆಗೆ: ಐಎಸ್‌ಪಿಎಸ್ ಕೋಡ್ ಪಾಲಿಸುವುದು ಹೇಗೆ?

ಹಡಗು ಧಕ್ಕೆಗೆ ಕಟ್ಟಿ ಅರ್ಧ ತಾಸೂ ಆಗಿರುವುದಿಲ್ಲ, ಗ್ಯಾಂಗ್‌ವೇ, ಅಂದರೆ ಹಡಗಿಗೆ ಹತ್ತುವ ಏಣಿಯ, ಕೆಳಗೆ ಜನ ಸೇರಿರುತ್ತಾರೆ. ಏಜೆಂಟ್, ಕಸ್ಟಮ್ಸ್‌ನವರು, ಇಮಿಗ್ರೇಶನ್‌ನವರು, ಸರಕಿನ ಸರ್ವೇಯರ್, ಹಡಗಿಗೆ ಸಾಮಾನು ಪೂರೈಸುವ ಚಾಂಡ್ಲರ್‌ನ ತರಕಾರಿ ಕ್ರೇಟು ಹೊತ್ತ ಹುಡುಗ, ಜೊತೆಗೆ ಸಿಮ್ ಕಾರ್ಡ್ ಮಾರಲು ಬಂದ ಒಬ್ಬ. ಮೇಲೆ ಏಣಿಯ ತುದಿಯಲ್ಲಿ ಒಬ್ಬ ನಾವಿಕ, ಒಂದು ರಿಜಿಸ್ಟರ್, ಒಂದು ವಾಕಿಟಾಕಿ. ಐಎಸ್‌ಪಿಎಸ್ ಕೋಡ್ ಎಂಬ, ಹಡಗು–ಬಂದರುಗಳ ಭದ್ರತೆಗೆಂದು ಲಂಡನ್ನಿನಲ್ಲಿ ಕೂತು ಬರೆದ ಅಂತಾರಾಷ್ಟ್ರೀಯ ಕಾನೂನಿನ ಅಷ್ಟೂ ಭಾರ ಆ ಹೊತ್ತಿಗೆ ಅವನೊಬ್ಬನ ಮೇಲೆ ಬೀಳುತ್ತದೆ. ಕಪಾಟಿನಲ್ಲಿ ಎಷ್ಟೇ ಚೆಂದದ ಭದ್ರತಾ ಯೋಜನೆ ಇರಲಿ, ಅವನಿಂದ ಮಾಡಲು ಆಗದ್ದನ್ನು ಅದರಲ್ಲಿ ಬರೆದಿದ್ದರೆ ಅದು ಕೆಲಸಕ್ಕೆ ಬಾರದು. ಈ ಮಾರ್ಗದರ್ಶಿಯ ಉದ್ದಕ್ಕೂ ನೆನಪಿಡಬೇಕಾದ್ದು ಇದನ್ನೇ.

ಕಾನೂನಿನ ಹಿನ್ನೆಲೆ ಚುಟುಕಾಗಿ ಹೀಗಿದೆ. 1985ರಲ್ಲಿ ಅಕಿಲೆ ಲೌರೊ ಎಂಬ ಪ್ರಯಾಣಿಕ ಹಡಗಿನ ಅಪಹರಣವಾಯಿತು. ಅದರ ಬೆನ್ನಿಗೆ ಹಡಗುಗಳ ಮೇಲಿನ ದಾಳಿಯನ್ನು ಅಪರಾಧವಾಗಿಸುವ ಎಸ್‌ಯುಎ ಒಪ್ಪಂದ 1988ರಲ್ಲಿ ಬಂತು. ಅದು ಅಪರಾಧ ನಡೆದ ಮೇಲಿನ ಕಾನೂನು. ನಡೆಯದಂತೆ ತಡೆಯುವ ನಿಯಮಕ್ಕೆ 2001ರ ಸೆಪ್ಟೆಂಬರ್ 11 ಬರಬೇಕಾಯಿತು. 2002ರ ಡಿಸೆಂಬರ್‌ನಲ್ಲಿ ಐಎಂಒ, ಅಂದರೆ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಸಮ್ಮೇಳನವು ಸಮುದ್ರದಲ್ಲಿ ಜೀವರಕ್ಷಣೆಯ ಸೋಲಾಸ್ ಒಪ್ಪಂದಕ್ಕೆ 11-2 ಎಂಬ ಹೊಸ ಅಧ್ಯಾಯವನ್ನೂ ಅದರಡಿ ಐಎಸ್‌ಪಿಎಸ್ ಕೋಡನ್ನೂ ಅಂಗೀಕರಿಸಿತು. 2004ರ ಜುಲೈ 1ರಿಂದ ಇವೆರಡೂ ಜಾರಿಯಲ್ಲಿವೆ. ಕೋಡ್‌ನ ‘ಎ’ ಭಾಗ ಕಡ್ಡಾಯ, ‘ಬಿ’ ಭಾಗ ಮಾರ್ಗಸೂಚಿ. ಮಾರ್ಗಸೂಚಿ ತಾನೇ ಎಂದು ‘ಬಿ’ ಭಾಗವನ್ನು ಪಕ್ಕಕ್ಕಿಡಬೇಡಿ. ಅದರ ಹಲವು ಪರಿಚ್ಛೇದಗಳನ್ನು ಯುರೋಪಿಯನ್ ಒಕ್ಕೂಟ 2004ರ ತನ್ನ 725ನೇ ನಿಯಮದ ಮೂಲಕ ಕಡ್ಡಾಯ ಮಾಡಿದೆ. ‘ಎ’ ಭಾಗದಲ್ಲಿ ಒಂದು ಸಾಲಿನಲ್ಲಿ ಹೇಳಿರುವುದನ್ನು ಮಾಡುವುದು ಹೇಗೆ ಎಂಬ ವಿವರವೆಲ್ಲ ಇರುವುದೂ ಅಲ್ಲೇ.

ಹಂತ 1: ನಿಮಗೆ ಅನ್ವಯಿಸುತ್ತದೆಯೇ ನೋಡಿ

ಅಂತಾರಾಷ್ಟ್ರೀಯ ಯಾನದಲ್ಲಿರುವ ಎಲ್ಲ ಪ್ರಯಾಣಿಕ ಹಡಗುಗಳು, 500 ಗ್ರಾಸ್ ಟನ್ ಮತ್ತು ಅದಕ್ಕೂ ಮೇಲ್ಪಟ್ಟ ಸರಕು ಹಡಗುಗಳು, ಸಮುದ್ರದಲ್ಲಿ ಕೊರೆಯುವ ಚಲಿಸುವ ರಿಗ್‌ಗಳು, ಮತ್ತು ಇವಕ್ಕೆ ಸೇವೆ ಕೊಡುವ ಬಂದರು ಘಟಕಗಳಿಗೆ ಕೋಡ್ ಅನ್ವಯಿಸುತ್ತದೆ. ಯುದ್ಧನೌಕೆಗಳಿಗೂ ವಾಣಿಜ್ಯಕ್ಕೆ ಬಳಸದ ಸರ್ಕಾರಿ ಹಡಗುಗಳಿಗೂ ಇಲ್ಲ.

‘ಬಂದರು ಘಟಕ’ ಎಂದರೆ ಇಡೀ ಬಂದರು ಎಂದೇನಲ್ಲ. ಹಡಗು ಮತ್ತು ನೆಲ ಸಂಧಿಸುವ ಜಾಗ. ಪಣಂಬೂರಿನ ನವಮಂಗಳೂರು ಬಂದರಿನಂಥ ಕಡೆ ಎಣ್ಣೆ ಜೆಟ್ಟಿ, ಸಾಮಾನ್ಯ ಸರಕಿನ ಬರ್ತ್, ಪ್ರವಾಸಿ ಹಡಗಿನ ಟರ್ಮಿನಲ್‌ಗಳಿಗೆ ಒಂದೇ ಯೋಜನೆ ಸಾಕೇ, ಬೇರೆಬೇರೆ ಬೇಕೇ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ವಿನ್ಯಾಸ, ಕೆಲಸ, ಉಪಕರಣ ಒಂದೇ ಬಗೆಯದಾಗಿದ್ದರೆ ಒಂದು ಯೋಜನೆಗೆ ಹಲವು ಘಟಕಗಳನ್ನು ಸೇರಿಸಬಹುದು. ಅದೇ ನಗರದ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಜಲ್ಲಿ ಹೊತ್ತು ಹೋಗುವ ಮಂಜಿಗಳು (ಸರಕಿನ ಸಣ್ಣ ದೇಸಿ ಹಡಗುಗಳು) ಕೋಡ್‌ನ ಹೊರಗೆ ಉಳಿಯುತ್ತವೆ. ಗಾತ್ರವೂ ಸಣ್ಣದು, ಯಾನವೂ ದೇಶದೊಳಗಿನದೇ.

ಈ ಗೆರೆಯ ಹೊರಗೆ ಅಪಾಯ ಕಡಿಮೆ ಎಂದು ಭಾವಿಸುವುದು ದೊಡ್ಡ ತಪ್ಪು. 2004ರ ಫೆಬ್ರುವರಿಯಲ್ಲಿ ಫಿಲಿಪ್ಪೀನ್ಸ್‌ನ ಸೂಪರ್‌ಫೆರ್ರಿ 14ರಲ್ಲಿ ಬಾಂಬ್ ಸಿಡಿದು 116 ಜನ ಸತ್ತರು. ಬಾಂಬ್ ಟಿ.ವಿ. ಪೆಟ್ಟಿಗೆಯೊಳಗೆ ಬಂದಿತ್ತು, ಅದು ದೇಶದೊಳಗೇ ಓಡಾಡುವ ಫೆರ್ರಿ. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿಕೋರರು ಅಪಹರಿಸಿಕೊಂಡು ಬಂದ ಕುಬೇರ್ ಮೀನುಗಾರಿಕೆ ದೋಣಿ. ಎರಡೂ ಕೋಡ್‌ನ ವ್ಯಾಪ್ತಿಯಲ್ಲಿ ಇರಲಿಲ್ಲ. ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್, ಹೆಚ್ಚಿನ ಕರಾವಳಿ ಕಾವಲು ಠಾಣೆಗಳು ಇವೆಲ್ಲ ಆ ಬಿರುಕು ಮುಚ್ಚಲು ನಮ್ಮಲ್ಲಿ ಆಮೇಲೆ ಬಂದ ವ್ಯವಸ್ಥೆ.

ಭಾರತದಲ್ಲಿ 1958ರ ವಾಣಿಜ್ಯ ನೌಕಾಯಾನ ಕಾಯ್ದೆಗೆ ತಿದ್ದುಪಡಿ ತಂದು ಹಡಗು–ಬಂದರು ಭದ್ರತೆಯ ಪ್ರತ್ಯೇಕ ಭಾಗವನ್ನು ಸೇರಿಸಲಾಯಿತು. 2025ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನೇ ಅಂಗೀಕರಿಸಿದೆ. ಹಾಗಾಗಿ ನಿಮ್ಮ ಯೋಜನೆಯಲ್ಲಿ ಹಳೇ ಕಲಂ ಸಂಖ್ಯೆಗಳನ್ನು ನಮೂದಿಸಿದ್ದರೆ ಮುಂದಿನ ಪರಿಷ್ಕರಣೆಯಲ್ಲಿ ಒಂದೊಂದಾಗಿ ತಾಳೆ ನೋಡಿ. ದಾಳಿ, ಅಪಹರಣದ ಶಿಕ್ಷೆಗೆ 2002ರ ಎಸ್‌ಯುಎ ಕಾಯ್ದೆ ಇದೆ, ಕಡಲ್ಗಳ್ಳತನಕ್ಕೆ 2022ರ ಕಡಲ್ಗಳ್ಳತನ ವಿರೋಧಿ ಕಾಯ್ದೆ ಇದೆ.

ಹಂತ 2: ಮೂರು ಹೆಸರು, ಮೂರು ಫೋನ್ ಸಂಖ್ಯೆ

ಹಡಗಿನ ಕಂಪನಿಯಲ್ಲಿ ದಡದ ಮೇಲಿರುವ ಭದ್ರತಾ ಅಧಿಕಾರಿ ಸಿಎಸ್‌ಒ. ಹಡಗಿನ ಮೇಲಿರುವವರು ಎಸ್‌ಎಸ್‌ಒ, ಬಹುಪಾಲು ಚೀಫ್ ಆಫೀಸರ್ ಅಥವಾ ಸೆಕೆಂಡ್ ಆಫೀಸರ್. ಬಂದರು ಘಟಕದಲ್ಲಿರುವವರು ಪಿಎಫ್‌ಎಸ್‌ಒ. ಸಿಎಸ್‌ಒ ದಿನದ 24 ತಾಸೂ ಸಿಗುವ ಸಂಖ್ಯೆ ಹಡಗಿನ ಯೋಜನೆಯಲ್ಲಿ ಇರಲೇಬೇಕು. ತಪಾಸಣೆಗೆ ಬಂದವರು ಕೆಲವೊಮ್ಮೆ ಆ ಸಂಖ್ಯೆಗೆ ಅಲ್ಲೇ ಕರೆ ಮಾಡಿ ನೋಡುತ್ತಾರೆ. ಕೆಲಸ ಬಿಟ್ಟು ಹೋದವರ ಮೊಬೈಲ್ ರಿಂಗಾದರೆ ಅದೊಂದು ನ್ಯೂನತೆಯಾಗಿ ದಾಖಲಾಗುತ್ತದೆ.

ಎಸ್‌ಎಸ್‌ಒಗೆ ನಾವಿಕರ ತರಬೇತಿ, ಪ್ರಮಾಣಪತ್ರಗಳ ಎಸ್‌ಟಿಸಿಡಬ್ಲ್ಯು ಒಪ್ಪಂದದ 6/5ನೇ ನಿಯಮದ ಪ್ರಮಾಣಪತ್ರ ಬೇಕು. ಉಳಿದವರಿಗೆ 6/6ರಡಿ ಎರಡು ಬಗೆ: ಭದ್ರತೆಯ ಅರಿವು ಎಲ್ಲರಿಗೂ, ಕಾವಲು–ಗಸ್ತು ಮಾಡುವವರಿಗೆ ನಿಗದಿತ ಭದ್ರತಾ ಕರ್ತವ್ಯದ ತರಬೇತಿ. ಅಡುಗೆಯವರನ್ನು ಗ್ಯಾಂಗ್‌ವೇ ಕಾವಲಿಗೆ ನಿಲ್ಲಿಸುವ ಯೋಚನೆಯಿದ್ದರೆ ಎರಡನೆಯದು ಅವರ ಬಳಿ ಇದೆಯೇ ನೋಡಿಕೊಳ್ಳಿ.

ಹಡಗಿನಲ್ಲಿ ಎಲ್ಲರ ಮೇಲೆ ಮಾಸ್ಟರ್, ಅಂದರೆ ಕ್ಯಾಪ್ಟನ್. ಭದ್ರತೆಗೂ ಸುರಕ್ಷತೆಗೂ ತಿಕ್ಕಾಟ ಬಂದರೆ ಸುರಕ್ಷತೆಯೇ ಮೇಲು, ಆ ನಿರ್ಧಾರ ಮಾಸ್ಟರ್‌ದೇ ಎಂದು 11-2ರ 8ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬಾಗಿಲಿಗೆಲ್ಲ ಬೀಗ ಜಡಿದು ಬೆಂಕಿ ಬಿದ್ದಾಗ ಹೊರಬರುವ ದಾರಿಯೂ ಮುಚ್ಚಿಹೋದರೆ ಅದನ್ನು ಭದ್ರತೆ ಎನ್ನುವುದಿಲ್ಲ. ಪಾರಾಗುವ ದಾರಿಗಳು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಲಿ.

ಹಂತ 3: ಹಡಗಿನ ಮೌಲ್ಯಮಾಪನ, ಕಾಲ್ನಡಿಗೆಯಲ್ಲಿ

ಯೋಜನೆ ಬರೆಯುವ ಮೊದಲು ಎಸ್‌ಎಸ್‌ಎ, ಅಂದರೆ ಭದ್ರತಾ ಮೌಲ್ಯಮಾಪನ. ಹಡಗಿನ ಮೇಲೆ ಸ್ವತಃ ನಡೆದು ಸಮೀಕ್ಷೆ ಮಾಡದೆ ಇದು ಪೂರ್ಣವಾಗುವುದಿಲ್ಲ. ಈಗಿರುವ ಕ್ರಮಗಳು ಯಾವುವು, ಯಾವ ಕೆಲಸಗಳನ್ನು ಕಾಪಾಡಲೇಬೇಕು, ಯಾವ ಬೆದರಿಕೆಗಳು ಬರಬಹುದು, ನಮ್ಮ ದೌರ್ಬಲ್ಯ ಎಲ್ಲಿದೆ: ಈ ನಾಲ್ಕಕ್ಕೆ ಉತ್ತರ ಬೇಕು. ಕೋಡ್ ದೌರ್ಬಲ್ಯದ ಲೆಕ್ಕದಲ್ಲಿ ಮನುಷ್ಯರನ್ನೂ ಸೇರಿಸಿದೆ. ಆರು ತಾಸು ಸರಕಿನ ಕೆಲಸ ಮುಗಿಸಿದವನನ್ನೇ ಮತ್ತೆ ಗ್ಯಾಂಗ್‌ವೇಗೆ ನಿಲ್ಲಿಸುವ ವೇಳಾಪಟ್ಟಿಯೂ ಒಂದು ದೌರ್ಬಲ್ಯವೇ.

ನಡೆಯುವಾಗ ಹಗಲೊಮ್ಮೆ, ರಾತ್ರಿಯೊಮ್ಮೆ ನಡೆಯಿರಿ. ಖಾಲಿ ಹಡಗು ಎತ್ತರದಲ್ಲಿ ತೇಲುತ್ತದೆ, ತುಂಬಿದ ಹಡಗಿನ ಡೆಕ್ ನೀರಿಗೆ ಹತ್ತಿರ ಬರುತ್ತದೆ. ದೋಣಿಯಿಂದ ಹತ್ತುವವನಿಗೆ ಆ ವ್ಯತ್ಯಾಸವೇ ಸಾಕು. ಹಿಂಭಾಗದಲ್ಲಿ ಹಡಗನ್ನು ಧಕ್ಕೆಗೆ ಕಟ್ಟುವ ಮೂರಿಂಗ್ ಹಗ್ಗ ಹೊರಬರುವ ಕಿಂಡಿಗಳು, ಲಂಗರು ಸರಪಳಿಯ ಕೊಳವೆ, ಚುಕ್ಕಾಣಿಯ ಮೇಲಿನ ಟೊಳ್ಳು, ಇವುಗಳನ್ನು ಬಗ್ಗಿ ನೋಡಿ. 2022ರ ನವೆಂಬರ್‌ನಲ್ಲಿ ಅಲಿಥಿನಿ 2 ಎಂಬ ಟ್ಯಾಂಕರ್ ಲಾಗೋಸ್‌ನಿಂದ ಹೊರಟು 11 ದಿನದ ಮೇಲೆ ಲಾಸ್ ಪಾಲ್ಮಾಸ್ ತಲುಪಿದಾಗ ಚುಕ್ಕಾಣಿಯ ಹಲಗೆಯ ಮೇಲೆ ಕದ್ದು ಪಯಣಿಸಿದ ಮೂವರು ಕೂತಿದ್ದರು, ಕಾಲು ನೀರಿಗೆ ತಾಗುವಷ್ಟರಲ್ಲಿ. ಆ ಜಾಗ ಡೆಕ್ ಮೇಲಿಂದ ಕಾಣುವುದಿಲ್ಲ. ಹೊರಡುವ ಮೊದಲು ದೋಣಿಯಿಂದಲೋ ಧಕ್ಕೆಯಿಂದಲೋ ಟಾರ್ಚ್ ಬಿಟ್ಟು ನೋಡಬೇಕು. ಅಂಥ ಬಂದರುಗಳಿಗೆ ಮತ್ತೆಮತ್ತೆ ಹೋಗುವ ಹಡಗಾದರೆ ರಿಪೇರಿಗೆ ಹಡಗನ್ನು ನೀರಿನಿಂದ ಹೊರತೆಗೆಯುವ ಡ್ರೈಡಾಕ್‌ನಲ್ಲಿ ಆ ಟೊಳ್ಳಿಗೆ ಕಬ್ಬಿಣದ ಜಾಲರಿ ಬೆಸೆಸಿಬಿಡುವುದು ಮೇಲು.

ಹಂತ 4: ಯೋಜನೆ ಬರೆಯುವುದು

ಎಸ್‌ಎಸ್‌ಪಿ, ಅಂದರೆ ಹಡಗಿನ ಭದ್ರತಾ ಯೋಜನೆ, ಪ್ರತಿ ಹಡಗಿಗೂ ಅದರದ್ದೇ ಆಗಿರಬೇಕು. ಅವಳಿ ಹಡಗಿನ ಯೋಜನೆಯನ್ನು ನಕಲು ಮಾಡಿ ಹೆಸರು ಬದಲಿಸುವುದು ಕಂಪನಿಗಳಲ್ಲಿ ನಡೆದೇ ಇರುತ್ತದೆ. ಇಲ್ಲದ ಸಿಸಿಟಿವಿ ಕ್ಯಾಮೆರಾ ಯೋಜನೆಯಲ್ಲಿ ಕಾಣಿಸಿಕೊಂಡಾಗ ಅದು ಬಯಲಾಗುತ್ತದೆ.

ಪ್ರತಿಯೊಂದು ಕ್ರಮವನ್ನೂ ಭದ್ರತಾ ಮಟ್ಟಕ್ಕೆ ತಕ್ಕಂತೆ ಲೆವೆಲ್ 1, 2, 3 (ಇವುಗಳ ಅರ್ಥ ಹಂತ 8ರಲ್ಲಿದೆ) ಎಂದು ಮೂರು ಅಂಕಣಗಳಲ್ಲಿ ಬರೆಯಿರಿ. ಕ್ರಮದ ಎದುರು ಎಷ್ಟು ಜನ ಬೇಕು ಎಂಬ ನಾಲ್ಕನೇ ಅಂಕಣವನ್ನೂ ಹಾಕಿ. ಕೋಡ್ ಇದನ್ನು ಕೇಳುವುದಿಲ್ಲ, ಆದರೆ ಹೆಚ್ಚಿನ ಯೋಜನೆಗಳ ಬಣ್ಣ ಬಯಲಾಗುವುದು ಇಲ್ಲೇ. ಲೆವೆಲ್ 2ರ ಸಾಲುಗಳನ್ನೆಲ್ಲ ಕೂಡಿಸಿದಾಗ ಒಂದು ಪಾಳಿಗೆ ಒಂಬತ್ತು ಜನ ಬೇಕೆಂದು ಬಂದು, ಹಡಗಿನಲ್ಲಿರುವುದೇ 20 ಜನ ಎಂದಾದರೆ ಆ ಯೋಜನೆ ಒಂದು ದಿನವೂ ನಡೆಯದು. ಕೆಲವು ಕ್ರಮ ಬಿಡಿ, ಇಲ್ಲವೇ ದಡದಿಂದ ಕಾವಲುಗಾರರನ್ನು ಪಡೆಯುವ ವ್ಯವಸ್ಥೆಯನ್ನು ಬರೆಯಿರಿ.

ನಿರ್ಬಂಧಿತ ಜಾಗಗಳ ಪಟ್ಟಿಯಲ್ಲಿ ಬ್ರಿಜ್ (ಹಡಗು ನಡೆಸುವ ಕೋಣೆ), ಎಂಜಿನ್ ರೂಮ್, ಸ್ಟಿಯರಿಂಗ್ ಗೇರ್ ಕೋಣೆ ಎಲ್ಲರಿಗೂ ನೆನಪಾಗುತ್ತವೆ. ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳ, ಎ.ಸಿ. ಗಾಳಿ ಎಳೆದುಕೊಳ್ಳುವ ಕಿಂಡಿ, ಅಪಾಯಕಾರಿ ಸರಕಿನ ಜಾಗ ಮರೆತುಹೋಗುತ್ತವೆ. ಇವೂ ‘ಬಿ’ ಭಾಗದ ಪಟ್ಟಿಯಲ್ಲಿವೆ.

ಕಂಪ್ಯೂಟರ್ ದಾಳಿಯ ಅಪಾಯವನ್ನು ಕಂಪನಿಯ ಸುರಕ್ಷತಾ ನಿರ್ವಹಣಾ ವ್ಯವಸ್ಥೆಯಲ್ಲಿ ಸೇರಿಸಬೇಕೆಂಬ ಐಎಂಒ ನಿರ್ಣಯ 2021ರ ಜನವರಿ 1ರ ನಂತರದ ಮೊದಲ ವಾರ್ಷಿಕ ತಪಾಸಣೆಯಿಂದ ಲೆಕ್ಕಕ್ಕೆ ಬಂದಿದೆ. ನಕ್ಷೆ ಪರಿಷ್ಕರಿಸಲು ಬ್ರಿಜ್‌ಗೆ ತರುವ ಪೆನ್‌ಡ್ರೈವ್ ಯಾರದು, ಅದನ್ನು ಎಲ್ಲಿ ಸ್ಕ್ಯಾನ್ ಮಾಡಬೇಕು ಎಂಬ ಎರಡು ಸಾಲು ಈ ಯೋಜನೆಯಿಂದ ಆ ವ್ಯವಸ್ಥೆಗೆ ಕೊಂಡಿ ಹಾಕಲಿ.

ಯೋಜನೆ ಗುಟ್ಟಿನ ದಾಖಲೆ. ದಡಕ್ಕೆ ಗುಟ್ಟಾಗಿ ಸುದ್ದಿ ಕಳಿಸುವ ಎಚ್ಚರಿಕೆ ಗುಂಡಿಗಳು ಎಲ್ಲಿವೆ ಎಂಬ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ, ಮಾಸ್ಟರ್, ಎಸ್‌ಎಸ್‌ಒ ಮತ್ತು ಕಂಪನಿ ತೀರ್ಮಾನಿಸಿದ ಹಿರಿಯ ಅಧಿಕಾರಿಗಳಿಗೆ ಮಾತ್ರ ತಿಳಿದಿರುವಂತೆ ಇಡಲು ಕೋಡ್ ಅವಕಾಶ ಕೊಡುತ್ತದೆ. ಆ ಅವಕಾಶ ಬಳಸಿಕೊಳ್ಳಿ.

ಹಂತ 5: ಪ್ರಮಾಣಪತ್ರ

ಧ್ವಜ ರಾಷ್ಟ್ರ (ಹಡಗು ನೋಂದಣಿಯಾದ ದೇಶ) ಅಥವಾ ಅದು ಒಪ್ಪಿದ ಸಂಸ್ಥೆ (ಆರ್‌ಎಸ್‌ಒ) ಯೋಜನೆಯನ್ನು ಅನುಮೋದಿಸಿ, ಹಡಗಿಗೆ ಬಂದು ಪರೀಕ್ಷಿಸಿ ಐಎಸ್‌ಎಸ್‌ಸಿ ಎಂಬ ಪ್ರಮಾಣಪತ್ರ ಕೊಡುತ್ತದೆ. ಗರಿಷ್ಠ ಅವಧಿ 5 ವರ್ಷ. ಎರಡನೇ ಮತ್ತು ಮೂರನೇ ವಾರ್ಷಿಕ ದಿನಾಂಕಗಳ ನಡುವೆ ಮಧ್ಯಂತರ ತಪಾಸಣೆ ಆಗಲೇಬೇಕು. ಯೋಜನೆ ಬರೆಯಲು ನೆರವಾದ ಆರ್‌ಎಸ್‌ಒ ಅದನ್ನು ಅನುಮೋದಿಸುವಂತಿಲ್ಲ.

ಹಡಗು ಕಂಪನಿ ಬದಲಿಸಿದರೆ ಅಥವಾ ಧ್ವಜ ಬದಲಿಸಿದರೆ ಪ್ರಮಾಣಪತ್ರ ಬಿದ್ದುಹೋಗುತ್ತದೆ. ಆಗ ತಾತ್ಕಾಲಿಕ ಪ್ರಮಾಣಪತ್ರ 6 ತಿಂಗಳಿಗೆ ಸಿಗುತ್ತದೆ, ವಿಸ್ತರಣೆ ಇಲ್ಲ. ಒಂದರ ಮೇಲೊಂದು ತಾತ್ಕಾಲಿಕ ಪತ್ರ ಪಡೆದು ಪೂರ್ಣ ಪಾಲನೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬ ಸಂಶಯ ಬಂದರೂ ಸಾಕು, ಬಂದರಿನ ತಪಾಸಕರಿಗೆ ಆಳವಾಗಿ ಕೆದಕಲು ಆಧಾರ ಸಿಕ್ಕಂತೆ.

ಹಂತ 6: ಗ್ಯಾಂಗ್‌ವೇ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಲೆವೆಲ್ 1ರಲ್ಲೂ ಹತ್ತುವ ಪ್ರತಿಯೊಬ್ಬರ ಗುರುತು ಮತ್ತು ಕಾರಣ ಎರಡನ್ನೂ ನೋಡಬೇಕು. ಗುರುತಿನ ಚೀಟಿ ನೋಡಿ ಬಿಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಬಂದ ಕಾರಣಕ್ಕೆ ಕಾಗದ ಬೇಕು: ವರ್ಕ್ ಆರ್ಡರ್, ಏಜೆಂಟ್ ಮೊದಲೇ ಕಳಿಸಿದ ಪಟ್ಟಿ, ಹೊಸದಾಗಿ ಸೇರುವ ನಾವಿಕನಾದರೆ ಸೇರ್ಪಡೆ ಪತ್ರ. ಏಜೆಂಟರಿಂದ ಬರುವವರ ಹೆಸರಿನ ಪಟ್ಟಿಯನ್ನು ಹಿಂದಿನ ಸಂಜೆಯೇ ತರಿಸಿಕೊಂಡು ಗ್ಯಾಂಗ್‌ವೇಯಲ್ಲಿ ಅಂಟಿಸಿ. ಬೆಳಗಿನ ಜಗಳದಲ್ಲಿ ಅರ್ಧ ಅಲ್ಲಿಗೇ ಕಡಿಮೆಯಾಗುತ್ತದೆ.

ರಿಜಿಸ್ಟರಿನಲ್ಲಿ ಹೆಸರು, ಸಂಸ್ಥೆ, ಗುರುತಿನ ಚೀಟಿಯ ಬಗೆ, ಯಾರನ್ನು ಕಾಣಬೇಕು, ಪಾಸ್ ಸಂಖ್ಯೆ, ಚೀಲ ನೋಡಿದ ಗುರುತು, ಹತ್ತಿದ ಸಮಯ, ಇಳಿದ ಸಮಯ ಇರಲಿ. ಕೊನೆಯ ಅಂಕಣವೇ ಯಾವಾಗಲೂ ಖಾಲಿ ಉಳಿಯುವುದು. ಹತ್ತುವಾಗ ಎಲ್ಲರೂ ತಾಳ್ಮೆಯಿಂದ ಸಹಿ ಹಾಕುತ್ತಾರೆ, ಇಳಿಯುವಾಗ ಓಡುತ್ತಾರೆ. ಇದಕ್ಕೆ ಸುಲಭ ಉಪಾಯ ಪಾಸ್ ಹಲಗೆ: 1ರಿಂದ 30ರವರೆಗೆ ಮೊಳೆ, ಮೊಳೆಗೊಂದು ಪಾಸ್. ಪಾಸ್ ಕೊಟ್ಟಾಗ ಅದೇ ಮೊಳೆಗೆ ಬಂದವರ ಗುರುತಿನ ಚೀಟಿ ನೇತುಹಾಕಿ. ಚೀಟಿ ಬಿಟ್ಟು ಯಾರೂ ಮನೆಗೆ ಹೋಗುವುದಿಲ್ಲ. ಅಧಿಕಾರಿಗಳ ಚೀಟಿಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಸಂಖ್ಯೆ ಬರೆದುಕೊಂಡು, ಜೊತೆಗೆ ಒಬ್ಬರನ್ನು ಕಳಿಸಿ. ಹಡಗು ಬಿಡುವ ಮೊದಲು ಪಾಸ್‌ಗಳೆಲ್ಲ ಹಲಗೆಗೆ ಮರಳಿರಬೇಕು. ಒಂದು ಮೊಳೆಯಲ್ಲಿ ಪಾಸ್ ಇಲ್ಲದಿದ್ದರೂ ಹುಡುಕಾಟ.

ಸಮವಸ್ತ್ರ ನೋಡಿ ಬಾಗುವುದು ನಮ್ಮವರಲ್ಲಿ ಹೆಚ್ಚು. ಖಾಕಿ ತೊಟ್ಟವರನ್ನು ಚೀಟಿ ಕೇಳಲು ಹುಡುಗರು ಹಿಂಜರಿಯುತ್ತಾರೆ. ತಪಾಸಕರು ಬೇಕೆಂದೇ ಈ ಪರೀಕ್ಷೆ ಮಾಡುವುದುಂಟು: ಚೀಟಿ ತೋರಿಸದೆ ನೇರ ಮೇಲೆ ನಡೆದುಬಿಡುತ್ತಾರೆ. “ಸರ್, ಐಡಿ ತೋರಿಸಿ, ಡ್ಯೂಟಿ ಆಫೀಸರನ್ನು ಕರೆಯುತ್ತೇನೆ” ಎಂಬ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಸಿ. ಗುರುತು ತೋರಿಸಲು ಒಪ್ಪದವರನ್ನು ಹತ್ತಿಸಬೇಕಿಲ್ಲ. ಅಂಥ ಪ್ರಯತ್ನವನ್ನು ಎಸ್‌ಎಸ್‌ಒ ಮೂಲಕ ಪಿಎಫ್‌ಎಸ್‌ಒಗೆ ತಿಳಿಸಬೇಕು.

ಚೀಲ, ಮೈ ತಪಾಸಣೆ ವ್ಯಕ್ತಿಯ ಘನತೆಗೆ ಕುಂದಾಗದಂತೆ ನಡೆಯಬೇಕು. ಸ್ಪಷ್ಟ ಭದ್ರತಾ ಕಾರಣವಿಲ್ಲದೆ ಸಿಬ್ಬಂದಿಯಿಂದ ಸಹ ಸಿಬ್ಬಂದಿಯ ಸಾಮಾನು ತಪಾಸಣೆ ಮಾಡಿಸಬಾರದು ಎನ್ನುತ್ತದೆ ‘ಬಿ’ ಭಾಗ. ತಿಂಗಳುಗಟ್ಟಲೆ ಒಂದೇ ಮೇಜಿನಲ್ಲಿ ಊಟ ಮಾಡುವ ಜನ ಅವರು.

ಸಾಮಾನು ಹತ್ತುವಾಗ ಆರ್ಡರ್ ಪಟ್ಟಿಯೊಡನೆ ತಾಳೆ ನೋಡಿ. ಕೇಳದ ಡಬ್ಬ ಬಂದರೆ ಧಕ್ಕೆಯಲ್ಲೇ ಉಳಿಯಲಿ. ಕಂಟೇನರ್‌ನ ಬೋಲ್ಟ್ ಸೀಲ್‌ಗೆ ನಾಲ್ಕು ಪರೀಕ್ಷೆ: ಕಣ್ಣಿಂದ ನೋಡಿ, ಸಂಖ್ಯೆಯನ್ನು ದಾಖಲೆಯೊಡನೆ ಹೋಲಿಸಿ, ಬಲವಾಗಿ ಎಳೆಯಿರಿ, ತಿರುಗಿಸಿ. ಅಂಟು ಹಾಕಿ ಕೂಡಿಸಿದ ಸೀಲ್ ಮೊದಲ ಎರಡರಲ್ಲಿ ಪಾಸಾಗಿ ಮೂರನೆಯದರಲ್ಲಿ ಕೈಗೆ ಬರುತ್ತದೆ. ಸೀಲ್ ಗಟ್ಟಿಯಿದ್ದರೂ ಬಾಗಿಲಿನ ಹಿಡಿಕೆಯ ರಿವೆಟ್‌ಗಳಿಗೆ ಹೊಸ ಬಣ್ಣ ಬಳಿದಿದೆಯೇ ನೋಡಿ. ಸೀಲ್ ಮುಟ್ಟದೆ ಹಿಡಿಕೆಯನ್ನೇ ಕಳಚಿ ಬಾಗಿಲು ತೆರೆಯುವುದು ಹಳೆಯ ವಿದ್ಯೆ.

ಹಂತ 7: ಬಂದರು ಘಟಕದ ಕಡೆಯ ಕೆಲಸ

ಬೇಲಿ ಎಷ್ಟು ಅಡಿ ಇರಬೇಕು, ದೀಪ ಎಷ್ಟು ವಾಟ್ ಇರಬೇಕು ಎಂದು ಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದನ್ನು ತೀರ್ಮಾನಿಸುವುದು ಪಿಎಫ್‌ಎಸ್‌ಎ, ಬಂದರು ಘಟಕದ ಮೌಲ್ಯಮಾಪನ. ಇದರ ಜವಾಬ್ದಾರಿ ಸರ್ಕಾರದ್ದು. ತಯಾರಿಸುವ ಕೆಲಸವನ್ನು ಆರ್‌ಎಸ್‌ಒಗೆ ಕೊಡಬಹುದು, ಅನುಮೋದಿಸುವ ಅಧಿಕಾರವನ್ನು ಕೊಡುವಂತಿಲ್ಲ. ಭದ್ರತಾ ಮಟ್ಟ ನಿಗದಿ, ಬಂದರು ಯೋಜನೆಯ ಅನುಮೋದನೆಗಳೂ ಹಾಗೆಯೇ. ಭಾರತದಲ್ಲಿ ಕೋಡ್ ಜಾರಿಯಾದಂದಿನಿಂದ ಈ ಪ್ರಾಧಿಕಾರದ ಸ್ಥಾನದಲ್ಲಿ ಇದ್ದದ್ದು ನೌಕಾಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿ ಶಿಪ್ಪಿಂಗ್.

ಅಪಾಯಕ್ಕೆ ಅಂಕ ಕೊಡುವ ರೂಢಿಯ ಪದ್ಧತಿ ಹೀಗಿದೆ: ಬೆದರಿಕೆ × ದೌರ್ಬಲ್ಯ × ಪರಿಣಾಮ. ಬೆದರಿಕೆಗೆ 1ರಿಂದ 3, ದೌರ್ಬಲ್ಯಕ್ಕೆ 1ರಿಂದ 4, ಪರಿಣಾಮಕ್ಕೆ 1ರಿಂದ 5. ಒಂದು ಎಣ್ಣೆ ಜೆಟ್ಟಿಗೆ ನೀರಿನ ಕಡೆಯಿಂದ ಸಣ್ಣ ದೋಣಿ ಬರುವ ಸನ್ನಿವೇಶ ತೆಗೆದುಕೊಳ್ಳಿ. ಬೆದರಿಕೆ 2, ದೌರ್ಬಲ್ಯ 4, ಪರಿಣಾಮ 5, ಗುಣಿಸಿದರೆ 40. ಬೆದರಿಕೆಯೂ ಪರಿಣಾಮವೂ ನಿಮ್ಮ ಕೈಯಲ್ಲಿಲ್ಲ, ನೀವು ಇಳಿಸಬಹುದಾದ್ದು ದೌರ್ಬಲ್ಯ ಒಂದನ್ನೇ. ಗಸ್ತು ದೋಣಿ, ನೀರಿನತ್ತ ತಿರುಗಿಸಿದ ದೀಪ, ಕ್ಯಾಮೆರಾ ಸೇರಿ ಅದನ್ನು 2ಕ್ಕೆ ತಂದರೆ ಮೊತ್ತ 20. ಅಂಕ ಇಳಿಸುವ ಆಸೆಗೆ ಬೆದರಿಕೆಯನ್ನೇ 1 ಎಂದು ಬರೆದುಬಿಡುವ ಮೌಲ್ಯಮಾಪನಗಳುಂಟು. ಅದು ಲೆಕ್ಕ ಸರಿಹೊಂದಿಸುವ ಕೆಲಸವಷ್ಟೇ.

ನಮ್ಮ ಕರಾವಳಿಯಲ್ಲಿ ಈ ಅಂಕಗಳು ಋತುವಿನೊಂದಿಗೆ ಬದಲಾಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಬಂದರಿನ ಬಾಯಲ್ಲಿ ಕಾಣುವ ಯಾಂತ್ರಿಕ ದೋಣಿ ತಾನೇ ಎದ್ದು ಕಾಣುತ್ತದೆ, ಆದರೆ ಮಳೆಗೆ ಕ್ಯಾಮೆರಾ ಕುರುಡು, ಅಲೆಗೆ ಗಸ್ತು ದೋಣಿ ಹೊರಗಿಳಿಯದು. ಆಗಸ್ಟ್‌ನಲ್ಲಿ ಬೋಟುಗಳು ಒಮ್ಮೆಗೇ ಕಡಲಿಗಿಳಿದಾಗ ಲೆಕ್ಕ ತಲೆಕೆಳಗು. ಪಣಂಬೂರಿನಲ್ಲಿ ಬಂದರಿನ ಪಕ್ಕದಲ್ಲೇ ಜನ ತುಂಬುವ ಕಡಲತೀರವಿದೆ. ಅಂಥ ಜಾಗದಲ್ಲಿ ಭಾನುವಾರ ಸಂಜೆಯ ಸಮೀಕ್ಷೆ ಸೋಮವಾರ ಬೆಳಗಿನದಕ್ಕಿಂತ ಹೆಚ್ಚು ಹೇಳುತ್ತದೆ.

ಮೌಲ್ಯಮಾಪನದ ಮೇಲೆ ಪಿಎಫ್‌ಎಸ್‌ಪಿ, ಬಂದರು ಯೋಜನೆ. ಅನುಮೋದನೆ, ಪರೀಕ್ಷೆ ಮುಗಿದ ಮೇಲೆ ಪಾಲನಾ ಪತ್ರ. ಅದರ ಅವಧಿಯೂ 5 ವರ್ಷ ಮೀರಬಾರದು. ಘಟಕದ ವಿವರ ಐಎಂಒದ ಜಿಸಿಸ್ ಜಾಲತಾಣಕ್ಕೆ ಸೇರುತ್ತದೆ. ಅಲ್ಲಿ ಘಟಕಕ್ಕೊಂದು ಸಂಖ್ಯೆ ಇರುತ್ತದೆ. ಅನುಮೋದನೆ ಸಿಕ್ಕಿಯೂ ಅಲ್ಲಿ ಹಳೇ ದಿನಾಂಕವೇ ಉಳಿದಿದ್ದರೆ ನಿಮ್ಮಲ್ಲಿಗೆ ಬಂದುಹೋದ ಹಡಗಿಗೆ ಮುಂದಿನ ಬಂದರಿನಲ್ಲಿ ಪ್ರಶ್ನೆ ಏಳುತ್ತದೆ. ಪಿಎಫ್‌ಎಸ್‌ಒ ತಿಂಗಳಿಗೊಮ್ಮೆ ತನ್ನ ನಮೂದನ್ನು ತಾನೇ ತೆರೆದು ನೋಡುವುದು ಒಳ್ಳೆಯದು.

ಗೇಟಿನಲ್ಲಿ ಸಿಐಎಸ್‌ಎಫ್ ಇದ್ದರೂ ಪಿಎಫ್‌ಎಸ್‌ಒ ಜವಾಬ್ದಾರಿ ಅವರಿಗೆ ದಾಟುವುದಿಲ್ಲ. ನಾವಿಕರು ಊರು ನೋಡಲು ಇಳಿಯುವುದು, ನಾವಿಕರ ಕಲ್ಯಾಣ ಸಂಸ್ಥೆಗಳವರು ಹಡಗಿಗೆ ಹೋಗುವುದು, ಇದಕ್ಕೆ ಅನುಕೂಲ ಮಾಡಿಕೊಡುವ ವಿಧಾನವೂ ಬಂದರು ಯೋಜನೆಯ ಕಡ್ಡಾಯ ಭಾಗ. ಭದ್ರತೆಯ ಹೆಸರಲ್ಲಿ ಗೇಟು ಮುಚ್ಚಿ ಕೂರುವುದು ಕೋಡ್‌ಗೇ ವಿರುದ್ಧ.

ಹಂತ 8: ಮಟ್ಟ ಬದಲಾದಾಗ

ಲೆವೆಲ್ 1 ಯಾವಾಗಲೂ ಇರುವ ಕನಿಷ್ಠ ಮಟ್ಟ. ಅಪಾಯ ಹೆಚ್ಚಿರುವಷ್ಟು ಕಾಲ 2. ದಾಳಿ ಸಂಭವನೀಯ ಅಥವಾ ಸನ್ನಿಹಿತ ಎಂದಾದಾಗ 3, ಗುರಿ ಯಾವುದೆಂದು ಗೊತ್ತಿಲ್ಲದಿದ್ದರೂ ಸರಿ. ಹಡಗು ಬಂದರಿಗಿಂತ ಕೆಳಗಿನ ಮಟ್ಟದಲ್ಲಿ ಇರುವಂತಿಲ್ಲ, ಮೇಲಿನದರಲ್ಲಿ ಇರಬಹುದು.

ಬಂದರು 2ಕ್ಕೆ ಏರಿದ ಸುದ್ದಿ ಬಂದ ಕೂಡಲೇ ಸಮಯ ಬರೆದುಕೊಳ್ಳಿ, ಸ್ವೀಕೃತಿ ಕೊಡಿ, ಕ್ರಮಗಳನ್ನು ಜಾರಿಗೆ ತನ್ನಿ, ತಂದ ಮೇಲೆ ಪಿಎಫ್‌ಎಸ್‌ಒಗೆ ಖಚಿತಪಡಿಸಿ. ಸ್ವೀಕೃತಿಗೂ ಖಚಿತಪಡಿಸುವುದಕ್ಕೂ ನಡುವಿನ ಅಂತರವೇ ನಿಮ್ಮ ನಿಜವಾದ ಸಾಮರ್ಥ್ಯದ ಅಳತೆ. ಹತ್ತುವ ದಾರಿಗಳನ್ನು ಕಡಿಮೆ ಮಾಡುವುದು, ಡೆಕ್ ಗಸ್ತಿಗೆ ಇನ್ನೊಬ್ಬರು, ನೀರಿನ ಕಡೆಗೆ ಕಣ್ಣು, ಬಂದವರ ಜೊತೆಗೆ ಒಬ್ಬರು, ಇವು ಲೆವೆಲ್ 2ರ ಸಾಮಾನ್ಯ ಕ್ರಮ. 3ರಲ್ಲಿ ಒಂದೇ ದಾರಿ, ಸರಕಿನ ಕೆಲಸ ನಿಲ್ಲಬಹುದು, ಹಡಗನ್ನೇ ಬೇರೆಡೆಗೆ ಒಯ್ಯಲು ಹೇಳಬಹುದು. ಆ ಹೊತ್ತಿಗೆ ಎಂಜಿನ್ ಬಿಚ್ಚಿ ರಿಪೇರಿ ಮಾಡುತ್ತಿದ್ದರೆ? ಎಂಜಿನ್ ನಿಷ್ಕ್ರಿಯಗೊಳಿಸುವ ಅನುಮತಿ ಕೇಳುವಾಗ ಪಿಎಫ್‌ಎಸ್‌ಒಗೂ ಒಂದು ಪ್ರತಿ ಹೋಗಲಿ.

ಹಂತ 9: ಡಿಒಎಸ್

ಭದ್ರತಾ ಘೋಷಣೆ, ಅಂದರೆ ಡಿಒಎಸ್, ಹಡಗು ಮತ್ತು ಬಂದರು ಯಾರು ಏನು ಮಾಡುತ್ತಾರೆ ಎಂದು ಹಂಚಿಕೊಂಡು ಸಹಿ ಹಾಕುವ ಒಂದು ಹಾಳೆ. ಎಲ್ಲ ಭೇಟಿಗೂ ಬೇಕಿಲ್ಲ. ಹಡಗಿನ ಮಟ್ಟ ಬಂದರಿಗಿಂತ ಮೇಲಿದ್ದರೆ, ಅಲ್ಲಿ ಘಟನೆ ಅಥವಾ ಬೆದರಿಕೆ ಆಗಿದ್ದರೆ, ಯೋಜನೆಯೇ ಇಲ್ಲದ ಬಂದರಾದರೆ, ಯೋಜನೆಯ ಅಗತ್ಯವಿಲ್ಲದ ಇನ್ನೊಂದು ಹಡಗಿನೊಡನೆ ಸರಕು ಬದಲಾಯಿಸುವುದಾದರೆ ಕೇಳಿ. ಬಂದರು ಸಹಿ ಹಾಕಲು ಒಪ್ಪದಿದ್ದರೆ ಕೇಳಿದ ಸಮಯ, ಬಂದ ಉತ್ತರ ದಾಖಲಿಸಿ. ಕೇಳಿದ್ದಕ್ಕೆ ಸ್ವೀಕೃತಿ ಕೊಡುವುದು ಅವರ ಕರ್ತವ್ಯ.

ಹಂತ 10: ಬರುವ ಮುನ್ನ ಮಾಹಿತಿ

ಹಿಂದಿನ 10 ಬಂದರು ಘಟಕಗಳ ಭೇಟಿ, ಅಲ್ಲಿ ಹಡಗು ಇದ್ದ ಮಟ್ಟ, ತೆಗೆದುಕೊಂಡ ವಿಶೇಷ ಕ್ರಮ, ಇವನ್ನು ಯಾವ ಬಂದರೂ ಕೇಳಬಹುದು. ಯುರೋಪಿಗೆ ಸಾಮಾನ್ಯವಾಗಿ ಕನಿಷ್ಠ 24 ತಾಸು ಮೊದಲು, ಅಮೆರಿಕಕ್ಕೆ 96 ತಾಸು ಮೊದಲು. ಭಾರತದ ಬಂದರುಗಳಿಗೆ ಪ್ಯಾನ್ಸ್ ಎಂಬ ನಮೂನೆಯಿದೆ. ಗಡುವನ್ನು ಏಜೆಂಟರಿಂದ ಲಿಖಿತವಾಗಿ ತರಿಸಿಕೊಳ್ಳಿ. ತಪ್ಪು ನುಸುಳುವುದು ಸಣ್ಣ ಕಡೆ: ಬಂದರಿನ ಹೆಸರು ಬರೆದು ಘಟಕದ ಸಂಖ್ಯೆ ಬಿಡುವುದು, ಲಂಗರಿನಲ್ಲಿ ಮಾಡಿದ ಹಡಗಿನಿಂದ ಹಡಗಿಗಿನ ವರ್ಗಾವಣೆ ಮರೆಯುವುದು. ಭದ್ರತೆ ಸಾಲದೆಂದು ಅಮೆರಿಕದ ಕೋಸ್ಟ್ ಗಾರ್ಡ್ ಪಟ್ಟಿ ಮಾಡಿದ ದೇಶಗಳಿಗೆ ಕೊನೆಯ 5 ಭೇಟಿಗಳೊಳಗೆ ಹೋಗಿದ್ದರೆ, ಅಲ್ಲಿದ್ದಾಗಲೇ ಲೆವೆಲ್ 2ಕ್ಕೆ ಸಮನಾದ ಕ್ರಮ ತೆಗೆದುಕೊಂಡ ದಾಖಲೆ ಬೇಕಾಗುತ್ತದೆ. ಅಮೆರಿಕಕ್ಕೆ ಹೋಗುವುದು ಆಮೇಲೆ ತೀರ್ಮಾನವಾದರೆ ಹಿಂದಿನ ತಾರೀಖಿಗೆ ಆ ದಾಖಲೆ ಹುಟ್ಟಿಸಲಾಗದು. ಎಲ್ಲಿಗೆ ಹೋದರೂ ಮಾಡಿಡಿ.

ಹಂತ 11: ಅಣಕು ಕಾರ್ಯಾಚರಣೆ ಮತ್ತು ಎಚ್ಚರಿಕೆ ಗುಂಡಿ

ಹಡಗಿನಲ್ಲೂ ಬಂದರಿನಲ್ಲೂ 3 ತಿಂಗಳಿಗೊಮ್ಮೆಯಾದರೂ ಅಣಕು ಕಾರ್ಯಾಚರಣೆ. ಹಡಗಿನಲ್ಲಿ ಒಂದೇ ಸಲಕ್ಕೆ ಶೇ 25ಕ್ಕಿಂತ ಹೆಚ್ಚು ಸಿಬ್ಬಂದಿ ಬದಲಾಗಿ, ಹೊಸಬರು ಹಿಂದಿನ 3 ತಿಂಗಳಲ್ಲಿ ಆ ಹಡಗಿನ ಕಾರ್ಯಾಚರಣೆಯಲ್ಲಿ ಇರಲಿಲ್ಲವಾದರೆ ಒಂದು ವಾರದೊಳಗೆ ಮತ್ತೊಮ್ಮೆ. ಇಪ್ಪತ್ತು ಜನರಲ್ಲಿ ಆರು ಜನ ಬದಲಾದರೆ ಈ ಷರತ್ತು ಬಂದುಬಿಡುತ್ತದೆ, ಅನೇಕರು ಲೆಕ್ಕ ಹಾಕಿರುವುದಿಲ್ಲ. ಸಿಎಸ್‌ಒ, ಪಿಎಫ್‌ಎಸ್‌ಒ, ಅಧಿಕಾರಿಗಳೆಲ್ಲ ಸೇರುವ ದೊಡ್ಡ ಅಭ್ಯಾಸ ವರ್ಷಕ್ಕೊಮ್ಮೆ, ಎರಡರ ನಡುವೆ 18 ತಿಂಗಳು ಮೀರದಂತೆ.

ಪ್ರತಿ ಸಲವೂ ‘ಬಾಂಬ್ ಹುಡುಕಾಟ’ ಎಂದು ಬರೆದು ಸಹಿ ಹಾಕುವ ಚಾಳಿ ಬಿಡಿ. ಅಡುಗೆಮನೆಯ ಕಪಾಟಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಚ್ಚಿಟ್ಟು ಎಷ್ಟು ಹೊತ್ತಿಗೆ ಸಿಗುತ್ತದೆ ನೋಡಿ. ಸಿಗದಿದ್ದರೆ ಹಾಗೆಂದೇ ಬರೆಯಿರಿ. ನ್ಯೂನತೆಯೇ ಇಲ್ಲದ ಎಂಟು ವರದಿಗಳನ್ನು ಯಾವ ತಪಾಸಕರೂ ನಂಬುವುದಿಲ್ಲ.

ಎಸ್‌ಎಸ್‌ಎಎಸ್, ಅಂದರೆ ಹಡಗಿನ ಭದ್ರತಾ ಎಚ್ಚರಿಕೆ ವ್ಯವಸ್ಥೆಯ ಗುಂಡಿಗಳು ಬ್ರಿಜ್‌ನಲ್ಲಿ ಒಂದು, ಬೇರೆಡೆ ಕನಿಷ್ಠ ಇನ್ನೊಂದು. ಒತ್ತಿದರೆ ಹಡಗಿನ ಗುರುತು, ಸ್ಥಾನ, ಅಪಾಯದ ಸೂಚನೆ ದಡಕ್ಕೆ ಹೋಗಬೇಕು. ಹಡಗಿನಲ್ಲಿ ಗಂಟೆ ಬಾರಿಸಬಾರದು, ಬೇರೆ ಹಡಗುಗಳಿಗೆ ಹೋಗಬಾರದು, ನಿಲ್ಲಿಸುವವರೆಗೆ ಹೋಗುತ್ತಲೇ ಇರಬೇಕು. ಪರೀಕ್ಷಿಸುವ ಮೊದಲು ಧ್ವಜ ರಾಷ್ಟ್ರಕ್ಕೂ ಸಿಎಸ್‌ಒಗೂ ತಿಳಿಸಿ. ಎರಡೂ ಗುಂಡಿಗಳನ್ನು ಬೇರೆಬೇರೆಯಾಗಿ ಒತ್ತಿ, ದಡದಲ್ಲಿ ಬಂದ ಸಂದೇಶದ ಸ್ಥಾನವನ್ನು ಜಿಪಿಎಸ್ ಜೊತೆ ತಾಳೆ ನೋಡಿ. ಕಂಪನಿ ಬದಲಾದ ಹಡಗುಗಳಲ್ಲಿ ಸಂದೇಶ ಇನ್ನೂ ಹಳೇ ಮಾಲೀಕರ ಮಿಂಚಂಚೆಗೇ ಹೋಗುತ್ತಿರುತ್ತದೆ. ಪರೀಕ್ಷೆ ಮುಗಿದ ಮೇಲೆ ರೀಸೆಟ್ ಮಾಡಲು ಮರೆತರೆ ದಡದಲ್ಲಿ ನಿಜವಾದ ಅಪಹರಣವೆಂದೇ ಗದ್ದಲ ಏಳುತ್ತದೆ.

ಹಂತ 12: ತಪಾಸಕರು ಹತ್ತಿದಾಗ

ಬಂದರು ರಾಷ್ಟ್ರದ ತಪಾಸಕರು ಮೊದಲು ಕೇಳುವುದು ಐಎಸ್‌ಎಸ್‌ಸಿ. ಅದು ಸರಿಯಿದ್ದು, ಪಾಲನೆಯಿಲ್ಲ ಎನ್ನಲು ಸ್ಪಷ್ಟ ಆಧಾರ ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಆಧಾರ ಸಿಗುವುದು ಕಾವಲಿಲ್ಲದ ಗ್ಯಾಂಗ್‌ವೇಯಿಂದ, ತೆರೆದ ಸ್ಟಿಯರಿಂಗ್ ಗೇರ್ ಬಾಗಿಲಿನಿಂದ, “ಈಗ ಯಾವ ಲೆವೆಲ್?” ಎಂಬ ಪ್ರಶ್ನೆಗೆ ತಡವರಿಸುವ ನಾವಿಕನಿಂದ. ಹಡಗಿನ ಹೊರಮೈಯ ಐಎಂಒ ಸಂಖ್ಯೆ ಕನಿಷ್ಠ 200 ಮಿ.ಮೀ., ಒಳಗಿನದು 100 ಮಿ.ಮೀ. ಎತ್ತರ ಇರಬೇಕು. ಬಣ್ಣ ಬಳಿಯುವಾಗ ಅದು ಮುಚ್ಚಿಹೋಗಿ ಹಡಗಿಗೆ ಹತ್ತುವ ಮೊದಲೇ ಕಣ್ಣಿಗೆ ಬೀಳುವುದೂ ಉಂಟು. ಮುಂದಿನ ಹೆಜ್ಜೆ ವಿವರ ತಪಾಸಣೆ, ವಿಳಂಬ, ತಡೆಹಿಡಿಯುವಿಕೆ, ಬಂದರಿನಿಂದ ಹೊರಹಾಕುವವರೆಗೂ ಹೋಗಬಹುದು. ವಿನಾಕಾರಣ ತಡೆದರೆ ಪರಿಹಾರ ಕೇಳುವ ಹಕ್ಕು ಹಡಗಿಗಿದೆ. ಸಮಯದ ದಾಖಲೆ ಇಲ್ಲದೆ ಆ ಹಕ್ಕು ಬಳಕೆಗೆ ಬಾರದು.

ಯೋಜನೆಯ ಪುಸ್ತಕ ತೋರಿಸಿ ಎಂದರೆ ತಕ್ಷಣ ಕೊಡಬೇಡಿ. ಸಾಮಾನ್ಯವಾಗಿ ಅದು ತಪಾಸಣೆಗೆ ಒಳಪಡುವುದಿಲ್ಲ. ಸ್ಪಷ್ಟ ಆಧಾರವಿದ್ದು, ಬೇರೆ ದಾರಿಯಿಲ್ಲದಿದ್ದರೆ ಆ ನ್ಯೂನತೆಗೆ ಸಂಬಂಧಿಸಿದ ಭಾಗಗಳನ್ನಷ್ಟೇ, ಧ್ವಜ ರಾಷ್ಟ್ರದ ಅಥವಾ ಮಾಸ್ಟರ್‌ರ ಒಪ್ಪಿಗೆಯ ಮೇಲೆ ತೋರಿಸಬಹುದು. ನಿರ್ಬಂಧಿತ ಜಾಗಗಳು, ಎಚ್ಚರಿಕೆ ಗುಂಡಿಯಂಥ ಭಾಗಗಳಿಗೆ ಧ್ವಜ ರಾಷ್ಟ್ರವೇ ಒಪ್ಪಬೇಕು. ಕೇಳಿದವರಿಗೆಲ್ಲ ಪುಸ್ತಕ ಬಿಚ್ಚಿಟ್ಟ ಎಸ್‌ಎಸ್‌ಒ ಹೆಸರಲ್ಲೇ ಒಂದು ನ್ಯೂನತೆ ಬರೆದು ಹೋದ ತಪಾಸಕರಿದ್ದಾರೆ.